ಮಲ್ಪೆಯೇ ವಾಸಿ, ಸರಿ. ಆದರೆ...

ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿಬಂದ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ಅಲ್ಲಿನ ಕಡಲತೀರದ ಊರು ಬ್ರೈಟನ್ ನೋಡಲೇಬೇಕು ಅಂದರು, ಹೋದೆವು. ಮರಳೇ ಇಲ್ಲ, ಬರೀ ಕಲ್ಲು. ಮೈಸೂರು ಅರಮನೆಯ ನಕಲು ಒಂದಿದೆ. ನಮ್ಮ ಮಲ್ಪೆಯೇ ವಾಸಿ ಅಲ್ವಾ?'

ಮರಳಿನ ಮಾತು ಒಪ್ಪಿದೆ ಸ್ವಾಮಿ. ಆ ಗುಂಡುಕಲ್ಲುಗಳ ಮೇಲೆ ಬರಿಗಾಲಲ್ಲಿ ನಡೆಯೋದು ಶಿಕ್ಷೆಯೇ. ಮೊದಮೊದಲು ಜನ ಅಲ್ಲಿಗೆ ಬಂದದ್ದೂ ಮೋಜಿಗಲ್ಲ, ಕಾಯಿಲೆಗೆ. 1750ರ ಹೊತ್ತಿಗೆ ರಿಚರ್ಡ್ ರಸೆಲ್ ಎಂಬ ಡಾಕ್ಟರು ಸಮುದ್ರದ ನೀರಲ್ಲಿ ಮುಳುಗಿ, ಕುಡಿಯಲೂ ಕುಡಿಯಿರಿ ಅಂತ ಹೇಳಲು ಶುರುಮಾಡಿದ. ಆಮೇಲೆ ಯುವರಾಜ ಜಾರ್ಜ್ ಬಂದ, 1841ರಲ್ಲಿ ಲಂಡನ್ನಿನಿಂದ ರೈಲು ಬಂತು, ಮೀನುಗಾರರ ಊರು ರಜಾ ಕಳೆಯುವ ಊರಾಯಿತು.

ಆದರೆ 'ನಕಲು' ಅಂದಿರಲ್ಲ, ಅದನ್ನು ಸುಮ್ನೆ ಬಿಡೋಕಾಗಲ್ಲ. ಮೈಸೂರಿನ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ನೀವು ನಕಲು ಅಂದ ಬ್ರೈಟನ್ನಿನ ರಾಯಲ್ ಪೆವಿಲಿಯನ್, ಅಂದರೆ ಆ ಯುವರಾಜನ ಅರಮನೆಗೆ, ಗುಮ್ಮಟ ಏರಿ ಆಗಲೇ ತೊಂಬತ್ತು ವರ್ಷ ಆಗಿತ್ತು. ಕಟ್ಟಿದ ಜಾನ್ ನ್ಯಾಶ್ ಇಂಡಿಯಾ ಕಂಡವನೇ ಅಲ್ಲ, ಚಿತ್ರ ನೋಡಿ ಕಟ್ಟಿದ. ಅದೇ ಕಾಲಕ್ಕೆ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಅದೇ ದಂಡೆಯಲ್ಲಿ ಹಬೆಸ್ನಾನದ ಮನೆ ಇಟ್ಟು, ಮೈಕೈ ನೀವಿ, ಇಬ್ಬರು ದೊರೆಗಳ ಕಡೆಯಿಂದ ಬಿರುದು ಪಡೆದ.

ಇನ್ನು ನೀವು ನಿಂತು ಫೋಟೊ ತೆಗೆಸಿಕೊಂಡ ಆ ಪೆವಿಲಿಯನ್ ಮೊದಲ ಮಹಾಯುದ್ಧದಲ್ಲಿ, 1914ರ ಕೊನೆಯಿಂದ 1916ರ ಆರಂಭದವರೆಗೆ ಇಂಡಿಯನ್ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ಫ್ರಾನ್ಸಿನ ಕಂದಕಗಳಿಂದ ಗಾಯಗೊಂಡು ಬಂದವರು ಚೀನೀ ಡ್ರ್ಯಾಗನ್‌ಗಳ ಅಲಂಕಾರವಿರುವ ಹಜಾರದಲ್ಲಿ ಸಾಲಾಗಿ ಮಲಗಿದ್ದರು. ಅವರವರ ಜಾತಿ, ಮತಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆ. ಹಿಂದೂಗಳಿಗೊಂದು ನಲ್ಲಿ, ಮುಸ್ಲಿಮರಿಗೊಂದು. ಉಳಿಯದ ಹಿಂದೂ, ಸಿಖ್ ಸಿಪಾಯಿಗಳಲ್ಲಿ 53 ಮಂದಿಯನ್ನು ಊರಾಚೆ ಪ್ಯಾಚಮ್ ಗುಡ್ಡದ ಮೇಲೆ ಸುಟ್ಟರು. 1921ರಲ್ಲಿ ಅಲ್ಲಿ 'ಛತ್ರಿ' ಅನ್ನೋ ಬಿಳಿ ಕಲ್ಲಿನ ಸ್ಮಾರಕ ಎದ್ದಿತು. ಹೆಸರುಗಳನ್ನು ಕೆತ್ತಿದ್ದು ಮಾತ್ರ 2010ರಲ್ಲಿ. ತಡವಾಯಿತು, ಆದರೂ ಕೆತ್ತಿದರು. ಮಗಳ ಮನೆಯಿಂದ ಅಷ್ಟು ದೂರ ಹೋದವರು ಇನ್ನೊಂದು ಗಂಟೆ ಅದಕ್ಕೆ ಇಡಬಹುದಿತ್ತು.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ? ನಮಗೆ ಬರುವ ಪ್ರವಾಸ ಲೇಖನಗಳಲ್ಲಿ ಅರ್ಧ ವಿಮಾನ ನಿಲ್ದಾಣ, ಇನ್ನರ್ಧ ಅನ್ನ ಸಾರು ಸಿಗಲಿಲ್ಲ ಅನ್ನೋ ಗೋಳು. ಹೊರದೇಶದ ಮಾತು ಬಿಡಿ, ಊರ ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲಿನ ಮೇಲೆ ನಾವು ಬಟ್ಟೆ ಒಗೆಯುತ್ತೇವೆ, ಇಲ್ಲವೇ ಕುಂಕುಮ ಮೆತ್ತಿ ಶಾಸನದ ಅಕ್ಷರ ಮುಚ್ಚುತ್ತೇವೆ. ಊರಲ್ಲಿ ಯಾರನ್ನಾದರೂ ಕೇಳಿ, 'ಯಾವುದೋ ಹಳೇ ಕಲ್ಲು' ಅಂತಾರೆ.

ನಿಮಗೆ ಬರವಣಿಗೆ ಇದೆ, ಕಣ್ಣೂ ಇದೆ. ಮುಂದಿನ ಪತ್ರದ ಜೊತೆ ನಿಮ್ಮ ಸುತ್ತಲಿನ ಒಂದು ವೀರಗಲ್ಲಿನ ಫೋಟೊ ಕಳಿಸಿ, ಶಾಸನ ಓದಬಲ್ಲವರನ್ನು ಹಿಡಿದು ಅದರಲ್ಲಿ ಏನಿದೆ ಅಂತ ಕೇಳಿ ಬರೆಯಿರಿ. ಅಚ್ಚು ಹಾಕೋಣ.

— ಸಂ.