ಲರ್ಚರ್ ಮರಿ: ಆರಿಸುವುದು ಹೇಗೆ, ಉಣಿಸುವುದು ಎಷ್ಟು

ಪ್ರಶ್ನೆ: ಊರು ಧಾರವಾಡ, ಈಗಿರುವುದು ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶೈರ್‌ನ ಒಂದು ಹಳ್ಳಿಯಲ್ಲಿ. ಪಕ್ಕದ ರೈತರ ಗೋಧಿ ಹೊಲಕ್ಕೆ ಮೊಲಗಳ ಕಾಟ ವಿಪರೀತ. ಬಿಲಕ್ಕೆ ಫೆರೆಟ್ (ಮುಂಗುಸಿಯಂಥ ಸಣ್ಣ ಸಾಕುಪ್ರಾಣಿ) ಬಿಟ್ಟು ಮೊಲ ಹಿಡಿಯುವವರ ಜೊತೆ ನಾನೂ ಹೋಗುತ್ತಿದ್ದೇನೆ. ಸ್ವಂತಕ್ಕೊಂದು ಲರ್ಚರ್ ಎಂಬ ಮಿಶ್ರತಳಿ ಬೇಟೆನಾಯಿಯ ಮರಿ ಸಾಕಬೇಕೆಂದಿದ್ದೇನೆ. ಜಾಹೀರಾತುಗಳಲ್ಲಿ ಹತ್ತಾರು ಮಿಶ್ರಣಗಳ ಹೆಸರಿವೆ. ಯಾವುದು ಸೂಕ್ತ? ಕಾನೂನಿನ ಅಡ್ಡಿ ಇದೆಯೇ?

ಉತ್ತರ: ಮೊದಲು ಕಾನೂನು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಹಂಟಿಂಗ್ ಆ್ಯಕ್ಟ್ ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆಯಾಡುವುದನ್ನು ನಿಷೇಧಿಸಿದೆ. ಇಲಿಗೂ, ಬಿಲದಲ್ಲಿ ವಾಸಿಸುವ ರ್‍ಯಾಬಿಟ್‌ಗೂ ವಿನಾಯಿತಿ ಇದೆ. ಆದರೆ ಜಮೀನು ನಿಮ್ಮದಾಗಿರಬೇಕು, ಇಲ್ಲವೇ ಜಮೀನಿನವರ ಅನುಮತಿ ಇರಬೇಕು. ಬಿಲ ತೋಡದೆ ಬಯಲಲ್ಲೇ ಮಲಗುವ, ಉದ್ದ ಕಿವಿಯ ದೊಡ್ಡ ಮೊಲ, ಅಂದರೆ ಹೇರ್, ಈ ವಿನಾಯಿತಿಯೊಳಗೆ ಬರುವುದಿಲ್ಲ. ಅದರ ಹಿಂದೆ ನಾಯಿ ಬಿಡುವುದು ಅಪರಾಧ, 2022ರಿಂದ ಶಿಕ್ಷೆಯೂ ಬಿಗಿಯಾಗಿದೆ. ಲರ್ಚರ್ ಹಿಡಿದು ಹೊಲದಲ್ಲಿ ನಿಂತವರನ್ನು ಪೊಲೀಸರು ಮೊದಲು ಅನುಮಾನಿಸುವುದು ಈ ಕಾರಣಕ್ಕೇ. ರೈತರಿಂದ ಸಹಿ ಮಾಡಿಸಿದ ಅನುಮತಿ ಪತ್ರ ಸದಾ ಜೇಬಿನಲ್ಲಿರಲಿ. ಸ್ಕಾಟ್ಲೆಂಡಿನ ಕಾನೂನು ಬೇರೆ, 2023ರಿಂದ ಇನ್ನೂ ಕಟ್ಟುನಿಟ್ಟು. ಗಡಿ ದಾಟಿ ಹೋಗುವಾಗ ಇಲ್ಲಿನ ನಿಯಮವನ್ನು ನಂಬಿಕೊಳ್ಳಬೇಡಿ.

ಇನ್ನು ಮಿಶ್ರಣದ ವಿಚಾರ. ಲರ್ಚರ್ ಒಂದು ತಳಿಯಲ್ಲ. ಗ್ರೇಹೌಂಡ್, ವಿಪೆಟ್, ಸಲೂಕಿ, ಡಿಯರ್‌ಹೌಂಡ್‌ನಂಥ ಓಟದ ನಾಯಿಗೆ ಕೋಲಿ ಅಥವಾ ಟೆರಿಯರ್‌ನಂಥ ಕೆಲಸದ ನಾಯಿಯನ್ನು ಕೂಡಿಸಿದಾಗ ಹುಟ್ಟುವುದೆಲ್ಲ ಲರ್ಚರೇ. ‘ಒಳ್ಳೆಯ ಲರ್ಚರ್ ಮರಿ’ ಎಂಬ ಜಾಹೀರಾತಿನಿಂದ ಏನೂ ತಿಳಿಯುವುದಿಲ್ಲ. ಅಪ್ಪ ಯಾವುದು, ಅಮ್ಮ ಯಾವುದು, ಅವೆರಡೂ ಈಗ ಯಾವ ಕೆಲಸ ಮಾಡುತ್ತಿವೆ ಎಂದು ಕೇಳಿ.

ಫೆರೆಟ್ ಜೊತೆಗಿನ ಬೇಟೆಯಲ್ಲಿ ನಾಯಿಗೆ ಓಟಕ್ಕಿಂತ ಕಾಯುವ ಕೆಲಸ ಹೆಚ್ಚು. ಯಾವ ಬಿಲದಲ್ಲಿ ಮೊಲ ಇದೆಯೆಂದು ಮೂಸಿ ತೋರಿಸಬೇಕು, ಸದ್ದಿಲ್ಲದೆ ನಿಲ್ಲಬೇಕು, ಫೆರೆಟ್ ಹೊರಬಂದಾಗ ಅದನ್ನು ಮುಟ್ಟಬಾರದು. ಫೆರೆಟ್‌ಗೆ ಹೆದರಿ ಹೊರಬಂದು, ಬಿಲದ ಬಾಯಿಗೆ ಹಾಸಿದ ಬಲೆ ತಪ್ಪಿಸಿಕೊಂಡ ಮೊಲ ಮುಂದಿನ ಬೇಲಿಗೋ ಬಿಲಕ್ಕೋ ಐವತ್ತು ನೂರು ಮೀಟರ್ ಓಡುತ್ತದೆ, ಅಷ್ಟರಲ್ಲೇ ಹಿಡಿಯಬೇಕು. ಹಾಗಾಗಿ ಬೇಕಿರುವುದು ತಟ್ಟನೆ ಜಿಗಿಯುವ, ತಟ್ಟನೆ ತಿರುಗುವ ಮೈ. ಮೈಲಿಗಟ್ಟಲೆ ಓಡುವ ಸಲೂಕಿ ರಕ್ತ ಈ ಕೆಲಸಕ್ಕೆ ವ್ಯರ್ಥ. ದೊಡ್ಡ ನಾಯಿ ತಿರುಗುವಷ್ಟರಲ್ಲಿ ಮೊಲ ಬಿಲ ಸೇರಿರುತ್ತದೆ. ವಿಪೆಟ್–ಗ್ರೇಹೌಂಡ್ ಮರಿಗೆ ವೇಗವೇನೋ ಉಂಟು, ಆದರೆ ತೆಳ್ಳನೆಯ ಚರ್ಮ ಮುಳ್ಳುತಂತಿಗೆ ಸಿಕ್ಕಿದರೆ ಸೀಳಿಹೋಗುತ್ತದೆ. ಕೋಲಿ–ಗ್ರೇಹೌಂಡ್ ಬುದ್ಧಿವಂತ, ಹೇಳಿದ್ದನ್ನು ಬೇಗ ಕಲಿಯುತ್ತದೆ. ಎತ್ತರ ಸಾಮಾನ್ಯವಾಗಿ 23ರಿಂದ 26 ಇಂಚು. ದಿನವೂ ಏನಾದರೊಂದು ಕೆಲಸ ಕೊಡದಿದ್ದರೆ ಮನೆಯನ್ನೇ ಕೆದಕಿ ಹಾಕುತ್ತದೆ.

ನಿಮ್ಮ ಕೆಲಸಕ್ಕೆ ಬೆಡ್ಲಿಂಗ್ಟನ್ ಟೆರಿಯರ್–ವಿಪೆಟ್ ಮಿಶ್ರಣವೇ ನಮ್ಮ ಮೊದಲ ಆಯ್ಕೆ: ಎತ್ತರ 18ರಿಂದ 21 ಇಂಚು, ಒರಟು ಕೂದಲು, ಚುರುಕಾದ ಮೂಗು, ಮುಳ್ಳುಪೊದೆಗೆ ನುಗ್ಗುವ ಧೈರ್ಯ. ಟೆರಿಯರ್ ಹಟವೂ ಜೊತೆಗೇ ಬರುತ್ತದೆ, ಅದನ್ನು ತಾಳಿಕೊಳ್ಳಬೇಕು. ಮುಂದೆ ರಾತ್ರಿ ಲ್ಯಾಂಪ್ ಹಿಡಿದು ತೆರೆದ ಹುಲ್ಲುಗಾವಲಿನಲ್ಲೂ ಬೇಟೆಯಾಡುವುದಾದರೆ, ಕಾಲು ಭಾಗ ಕೋಲಿ ರಕ್ತವಿರುವ 22–24 ಇಂಚಿನ ನಾಯಿ ಎರಡಕ್ಕೂ ಆಗುತ್ತದೆ.

ಮರಿಯನ್ನು ತಾಯಿಯ ಜೊತೆಯಲ್ಲೇ ನೋಡಿ. ತಾಯಿಯನ್ನು ತೋರಿಸದವರಿಂದ, ಕಾರ್ ಪಾರ್ಕಿನಲ್ಲಿ ತಂದುಕೊಡುತ್ತೇನೆ ಎನ್ನುವವರಿಂದ ಕೊಳ್ಳಬೇಡಿ. ಎಂಟು ವಾರ ತುಂಬಿರಬೇಕು, ಮೈಕ್ರೊಚಿಪ್ ಹಾಕಿಸಿರಬೇಕು. ಕೈಯಲ್ಲಿ ಎತ್ತಿಕೊಂಡು ಹೊಕ್ಕುಳು ಮುಟ್ಟಿ ನೋಡಿ: ಮೆತ್ತನೆಯ ಗಂಟು ಸಿಕ್ಕರೆ ಹರ್ನಿಯಾ. ಮೇಲಿನ ಹಲ್ಲುಗಳು ಕೆಳಗಿನವನ್ನು ಸರಿಯಾಗಿ ಮುಚ್ಚಬೇಕು, ಗಂಡಾದರೆ ಬೀಜಗಳೆರಡೂ ಇಳಿದಿವೆಯೇ ನೋಡಬೇಕು. ಪಾದದ ಬೆರಳುಗಳು ಒತ್ತಾಗಿ ಕಮಾನಿನಂತಿರಲಿ. ಅಗಲವಾಗಿ ಹರಡಿದ ಪಾದದ ಬೆರಳು ಗಟ್ಟಿ ನೆಲದಲ್ಲಿ ಓಡುವಾಗ ಉಳುಕುತ್ತದೆ. ಎಂಟು ವಾರದ ಮರಿಯ ಭುಜ, ಬೆನ್ನು ನೋಡಿ ಮುಂದಿನ ಓಟ ಹೇಳುವವರನ್ನು ಹೆಚ್ಚು ನಂಬಬೇಡಿ. ಅದನ್ನು ತಂದೆತಾಯಿಯ ಮೈಕಟ್ಟಿನಲ್ಲಿ ನೋಡಬೇಕು. ಮರಿಯಲ್ಲಿ ನೋಡಬೇಕಾದ್ದು ಸ್ವಭಾವ. ಕಾಗದದ ಉಂಡೆ ಉರುಳಿಸಿ: ಓಡಿಹೋಗಿ ಬಾಯಲ್ಲಿ ಕಚ್ಚಿ ನಿಮ್ಮ ಕಡೆಗೆ ಬರುವ ಮರಿಗೆ ಮುಂದೆ ಮೊಲವನ್ನು ತಂದುಕೊಡುವುದು ಕಲಿಸುವುದು ಸುಲಭ. ತಟ್ಟೆಯನ್ನು ನೆಲಕ್ಕೆ ಬೀಳಿಸಿ: ಬೆಚ್ಚಿದರೂ ಮರುಕ್ಷಣ ಬಂದು ಮೂಸುವ ಮರಿ ಒಳ್ಳೆಯದು. ಮೂಲೆಯಲ್ಲೇ ಅಡಗಿ ಕೂರುವುದನ್ನು ಕನಿಕರದಿಂದ ಆರಿಸಬೇಡಿ.

ಕೋಲಿ ರಕ್ತವಿರುವ ಮರಿ ತಂದರೆ ತಪ್ಪದೆ ಎಂಡಿಆರ್1 ಎಂಬ ಜೀನಿನ ಪರೀಕ್ಷೆ ಮಾಡಿಸಿ. ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿ ಸಾಕು. ಈ ಜೀನ್ ಕೆಟ್ಟಿರುವ ನಾಯಿಯ ಮಿದುಳಿಗೆ ಐವರ್‌ಮೆಕ್ಟಿನ್‌ನಂಥ ಜಂತಿನ ಔಷಧಗಳು ನೇರವಾಗಿ ನುಗ್ಗುತ್ತವೆ. ನಡುಕ, ಕುರುಡು, ಪ್ರಜ್ಞೆ ತಪ್ಪುವುದು, ಸಾವು. ಕುರಿಗೆ, ಕುದುರೆಗೆ ಹಾಕುವ ಜಂತಿನ ಔಷಧ ರೈತರ ಮನೆಯಲ್ಲಿ ಸದಾ ಇರುತ್ತದೆ. ಔಷಧ ಹಾಕಿದ ಕುದುರೆಯ ಲದ್ದಿ ತಿಂದ ನಾಯಿಗೂ ವಿಷವೇರಬಹುದು.

ಪ್ರಶ್ನೆ: ಮರಿ ತಂದಾಯಿತು. ಎಂಟು ವಾರ, ತೂಕ 5 ಕೆ.ಜಿ. ಮಾರಿದವರು ‘ಬರೀ ಹಸಿ ಮಾಂಸ ಹಾಕಿ’ ಎಂದರು, ನೆರೆಯವರು ‘ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಪುಡಿ ಕೊಡಿ’ ಎಂದರು. ಏನು ಮಾಡಲಿ?

ಉತ್ತರ: ಎರಡೂ ಬೇಡ. ಓಟದ ನಾಯಿಯ ಕಾಲನ್ನು ಮರಿತನದಲ್ಲೇ ಹಾಳುಮಾಡುವ ದಾರಿಗಳು ಇವೆರಡೂ.

ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಸಾಲದಾದಾಗ ದೇಹ ಅದನ್ನು ಸ್ವಂತ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮರಿ ಮೊದಲು ಓಡಲು ಹಿಂಜರಿಯುತ್ತದೆ, ಕಾಲು ಬಾಗುತ್ತದೆ, ಆಮೇಲೆ ಸೋಫಾದಿಂದ ಜಿಗಿದರೂ ಮೂಳೆ ಮುರಿಯುತ್ತದೆ. ಇನ್ನೊಂದು ಕಡೆ, ಸಮತೋಲನದ ಮರಿ ಆಹಾರದ ಮೇಲೆ ಕ್ಯಾಲ್ಸಿಯಂ ಪುಡಿ ಸುರಿದರೆ, ಎಳೆಯ ಮರಿಯ ಕರುಳಿಗೆ ಬೇಡದ್ದನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೆಚ್ಚಾದದ್ದೂ ಒಳಗೆ ಹೋಗಿ ಮೂಳೆ, ಕೀಲುಗಳ ಬೆಳವಣಿಗೆ ಅಡ್ಡಾದಿಡ್ಡಿಯಾಗುತ್ತದೆ. ಕಾಡ್ ಲಿವರ್ ಎಣ್ಣೆಯನ್ನೂ ಸುಮ್ಮನೆ ಸೇರಿಸಬೇಡಿ, ಅದರಲ್ಲಿನ ಎ ಮತ್ತು ಡಿ ವಿಟಮಿನ್ ಮೈಯಲ್ಲಿ ಶೇಖರವಾಗುತ್ತವೆ.

ಪೊಟ್ಟಣದ ಮೇಲೆ ‘ಬೆಳೆಯುವ ಮರಿಗಳಿಗೆ ಸಂಪೂರ್ಣ ಆಹಾರ’ ಎಂದು ಬರೆದಿರುವ ಒಣ ಆಹಾರವನ್ನೇ ಆಧಾರವಾಗಿ ಇಟ್ಟುಕೊಳ್ಳಿ. 5 ಕೆ.ಜಿ. ಮರಿಗೆ ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 700 ಕಿಲೊಕ್ಯಾಲೊರಿ ಬೇಕು. 100 ಗ್ರಾಂಗೆ 370 ಕಿಲೊಕ್ಯಾಲೊರಿ ಇರುವ ಆಹಾರವಾದರೆ ಅದು 190 ಗ್ರಾಂ. ನಾಲ್ಕು ಹೊತ್ತಿಗೆ ಹಂಚಿ, ಹೊತ್ತಿಗೆ 45–50 ಗ್ರಾಂ. ಬಟ್ಟಲಿನ ಅಳತೆ ಬೇಡ, ತಕ್ಕಡಿಯಲ್ಲೇ ತೂಗಿ. ಮೊದಲ ನಾಲ್ಕೈದು ದಿನ ಮಾರಿದವರು ಹಾಕುತ್ತಿದ್ದ ಆಹಾರವನ್ನೇ ಹಾಕಿ, ಆಮೇಲೆ ಒಂದು ವಾರದಲ್ಲಿ ಹೊಸದನ್ನು ಕಾಲು ಭಾಗ, ಅರ್ಧ ಭಾಗ ಹೀಗೆ ಬೆರೆಸುತ್ತ ಬದಲಿಸಿ. ಒಮ್ಮೆಲೇ ಬದಲಿಸಿದರೆ ಭೇದಿ ಖಚಿತ.

ಮೂರು ತಿಂಗಳವರೆಗೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ನಾಲ್ಕು ತಿಂಗಳು ದಾಟಿ 12 ಕೆ.ಜಿ. ಆದಾಗ ಸುಮಾರು 900 ಕಿಲೊಕ್ಯಾಲೊರಿ, ಅದೇ ಆಹಾರದಲ್ಲಿ 240 ಗ್ರಾಂ ಬೇಕಾಗುತ್ತದೆ. ತೂಕ ಎರಡೂವರೆ ಪಟ್ಟು ಬೆಳೆದರೂ ಊಟ ಅಷ್ಟು ಬೆಳೆಯುವುದಿಲ್ಲ ಎಂಬುದನ್ನು ಗಮನಿಸಿ. ಅತಿಯಾಗಿ ಉಣಿಸುವ ತಪ್ಪು ಆಗುವುದು ಇಲ್ಲೇ. ಈ ಅಂಕಿಗಳು ಆರಂಭಕ್ಕೆ ಮಾತ್ರ. ವಾರಕ್ಕೊಮ್ಮೆ ತೂಗಿ, ಮೈ ಮುಟ್ಟಿ ನೋಡಿ, ಹತ್ತು ಪ್ರತಿಶತ ಹೆಚ್ಚು ಕಡಿಮೆ ಮಾಡಿ.

ಸ್ವಲ್ಪ ಮಾಂಸ, ಬೇಯಿಸಿದ ಮೊಟ್ಟೆ, ಟ್ರೈಪ್ (ದನ, ಕುರಿಯ ಜಠರ) ಕೊಡಬಹುದು. ಒಟ್ಟು ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರದಿರಲಿ. ಬೇಯಿಸಿದ ಮೂಳೆ ಸಿಬಿರೆದ್ದು ಕರುಳು ಚುಚ್ಚುತ್ತದೆ, ಕೊಡಲೇಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ನಮ್ಮ ಸಾರು, ಪಲ್ಯದಲ್ಲಿ ಈರುಳ್ಳಿ ಇಲ್ಲದ್ದು ಅಪರೂಪ, ಹಾಗಾಗಿ ತಟ್ಟೆಯ ಉಳಿಕೆ ಹಾಕಬೇಡಿ.

ಪ್ರಶ್ನೆ: ಐದು ತಿಂಗಳ ಮರಿಯ ಪಕ್ಕೆಲುಬು ಕಾಣುತ್ತವೆ. ಕಂಡವರೆಲ್ಲ ‘ಉಪವಾಸ ಕೆಡವಿದ್ದೀರಿ’ ಎನ್ನುತ್ತಾರೆ. ಊಟ ಹೆಚ್ಚಿಸಲೇ?

ಉತ್ತರ: ಎಷ್ಟು ಪಕ್ಕೆಲುಬು ಎಂಬುದನ್ನು ನೋಡಿ. ಓಟದ ರಕ್ತದ ನಾಯಿಯಲ್ಲಿ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು, ಸೊಂಟ ಒಳಗೆ ಸೆಳೆದಿರುವುದು ಸಹಜ. ಬೆನ್ನೆಲುಬಿನ ಗಂಟುಗಳು ಮುಳ್ಳಿನಂತೆ ಎದ್ದು, ತೊಡೆಯಲ್ಲಿ ಮಾಂಸವಿಲ್ಲದೆ, ಕೂದಲು ಕಳೆಗುಂದಿದ್ದರೆ ಅದು ಸೊರಗಿದ ಮರಿ. ದಪ್ಪ ಮರಿ ಚಂದ ಕಾಣಬಹುದು, ಆದರೆ ಹೆಚ್ಚುವರಿ ಭಾರವನ್ನು ಇನ್ನೂ ಗಟ್ಟಿಯಾಗದ ಮೂಳೆಯ ತುದಿಗಳು ಹೊರಬೇಕು.

ಮೈ ಬಡಕಲಾಗಿ ಹೊಟ್ಟೆ ಮಾತ್ರ ಗುಂಡಗಿದ್ದರೆ ಜಂತುಹುಳು. ಮರಿಗೆ ಅದು ತಾಯಿಯ ಹೊಟ್ಟೆಯಲ್ಲೇ ಅಂಟಿರುತ್ತದೆ. ಎರಡು ವಾರದಿಂದ ಹನ್ನೆರಡು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧ ಕೊಡಬೇಕು. ಹುಳು ತುಂಬಿದ ಹೊಟ್ಟೆಗೆ ಊಟ ಹೆಚ್ಚಿಸಿದರೆ ಹುಳುವೇ ಕೊಬ್ಬುತ್ತದೆ.

ಪ್ರಶ್ನೆ: ಮೊದಲ ಮೊಲವನ್ನು ಯಾವಾಗ ಬೆನ್ನಟ್ಟಿಸಬಹುದು? ಹಿಡಿದ ಮೊಲವನ್ನು ಅದಕ್ಕೇ ತಿನ್ನಿಸಬಹುದೇ?

ಉತ್ತರ: ವರ್ಷ ತುಂಬುವವರೆಗೆ ಬೇಡ. ಕಾಲಿನ ಉದ್ದ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಮೃದ್ವಸ್ಥಿ ಗಟ್ಟಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು, ದೊಡ್ಡ ನಾಯಿಗೆ ಇನ್ನೂ ಸ್ವಲ್ಪ ಹೆಚ್ಚು. ಏಳು ತಿಂಗಳ ಮರಿ ನೋಡಲು ದೊಡ್ಡ ನಾಯಿಯಷ್ಟೇ ಎತ್ತರ, ಓಡುವುದೂ ಜೋರು. ಒಂದೇ ತಿರುವಿನಲ್ಲಿ ಮುಂಗಾಲಿನ ಮಣಿಕಟ್ಟು ಶಾಶ್ವತವಾಗಿ ಕೆಡಬಹುದು. ಮನಸ್ಸೂ ಕೆಡುತ್ತದೆ. ಹಿಡಿಯಲಾಗದ ಮೊಲಗಳ ಹಿಂದೆ ಪದೇ ಪದೇ ಓಡಿದ ಮರಿ ಹತಾಶೆಯಿಂದ ಬೊಗಳುತ್ತ ಓಡುವುದನ್ನು ಕಲಿಯುತ್ತದೆ, ಆ ಚಟ ಬಿಡಿಸುವುದು ಬಲು ಕಷ್ಟ. ಅಲ್ಲಿಯವರೆಗೆ ಕರೆದರೆ ಬರುವುದು, ಕುರಿಗಳ ನಡುವೆ ತಲೆ ಎತ್ತದೆ ನಡೆಯುವುದು, ಫೆರೆಟ್ ಪಕ್ಕ ಸುಮ್ಮನೆ ಮಲಗುವುದು, ಸುತ್ತಿದ ಕಾಲುಚೀಲವನ್ನೂ ಆಮೇಲೆ ಮೊಲದ ಚರ್ಮ ಸುತ್ತಿದ ಗೊಂಬೆಯನ್ನೂ ತಂದು ಕೈಗೆ ಕೊಡುವುದು, ಇಷ್ಟು ಕಲಿಸಿ. ಹಗ್ಗ ಎಳೆದಾಡುವ ಆಟ ಬೇಡ. ಬಾಯಿ ಬಿಗಿಯಾಗಿ, ಮುಂದೆ ಮೊಲವನ್ನು ಜಜ್ಜಿ ತರುತ್ತದೆ.

ಮೊಲಕ್ಕೆ ಬರುವ ಮಿಕ್ಸೊಮಟೋಸಿಸ್ ನಾಯಿಗೆ ತಗಲುವುದಿಲ್ಲ. ಆದರೆ ಮೊಲದ ಕರುಳು, ಪಿತ್ತಜನಕಾಂಗದ ಸುತ್ತ ಲಾಡಿಹುಳುವಿನ ಮರಿಗಳು ನೀರುಗುಳ್ಳೆಗಳಾಗಿ ಅಂಟಿರುತ್ತವೆ, ಹಸಿಯಾಗಿ ತಿಂದರೆ ನಾಯಿಯ ಕರುಳಿನಲ್ಲಿ ಬೆಳೆಯುತ್ತವೆ. ಒಳಾಂಗ ತೆಗೆದು, ಮಾಂಸವನ್ನು ಮೈನಸ್ 20 ಡಿಗ್ರಿಯಲ್ಲಿ ಹತ್ತು ದಿನ ಇಟ್ಟು ಕೊಡಿ, ಇಲ್ಲವೇ ಬೇಯಿಸಿ ಮೂಳೆ ಬಿಡಿಸಿ. ಬೇಟೆನಾಯಿಗೆ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇರುವ ಔಷಧ ನಿಯಮಿತವಾಗಿ ಬೇಕು. ಸೀಸದ ಗುಂಡು ತಗುಲಿದ ಮೊಲ ನಾಯಿಗೆ ಬೇಡ.

ಪ್ರಶ್ನೆ: ಲೋಕಾಪುರದಿಂದ. ಮುಧೋಳ ಕುನ್ನಿ ತಂದೇವ್ರಿ, 4 ಕೆ.ಜಿ. ಐತಿ. ಮನ್ಯಾಗ ಜೋಳದ ನುಚ್ಚು, ಹಾಲು ಹಾಕ್ತೇವಿ. ಮುಂದ ಮೊಲದ ಬ್ಯಾಟಿಗಿ ತಯಾರ ಮಾಡಬೇಕಂದ್ರ ಇಷ್ಟ ಸಾಕೇನ್ರಿ?

ಉತ್ತರ: ಬೇಟೆ ಬೇಡವೇ ಬೇಡ. ನಮ್ಮ ಹೊಲಗಳಲ್ಲಿರುವ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇಂಗ್ಲೆಂಡಿನಂತೆ ಹೊಲದವರ ಅನುಮತಿ ಇದ್ದರೂ ಇಲ್ಲಿ ನಡೆಯುವುದಿಲ್ಲ, ಕೇಸು, ಜೈಲು. ಕುನ್ನಿಯ ಓಟದ ಹಂಬಲಕ್ಕೆ ಬೇಲಿ ಹಾಕಿದ ಬಯಲಲ್ಲಿ ಹಗ್ಗಕ್ಕೆ ಕಟ್ಟಿದ ಬಟ್ಟೆ ಎಳೆದು ಓಡಿಸಿ, ಅದೂ ವರ್ಷ ತುಂಬಿದ ಮೇಲೆ.

ಊಟದ ಮಾತಿಗೆ ಬಂದರೆ ನುಚ್ಚು, ಹಾಲು ಸಾಲದು, ಪ್ರೋಟೀನ್ ತೀರಾ ಕಡಿಮೆ. ಎಂಟು ಒಂಬತ್ತು ವಾರದ 4 ಕೆ.ಜಿ. ಕುನ್ನಿಗೆ ದಿನಕ್ಕೆ 600 ಕಿಲೊಕ್ಯಾಲೊರಿ ಬೇಕು. ಮನೆಯಲ್ಲೇ ಮಾಡುವುದಾದರೆ: ಬೇಯಿಸಿ ಮೂಳೆ ಬಿಡಿಸಿದ ಕೋಳಿಮಾಂಸ 150 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, 60 ಗ್ರಾಂ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿದ ಗಂಜಿ, ಮೊಸರು 60 ಗ್ರಾಂ, ಎಣ್ಣೆ ಒಂದು ಚಮಚ. ಇದಕ್ಕೆ ಮೊಟ್ಟೆಯ ಚಿಪ್ಪನ್ನು ತೊಳೆದು, ಒಣಗಿಸಿ, ಹುರಿದು, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿದ ಪುಡಿ 3 ಗ್ರಾಂ ಬೆರೆಸಿ. ಮೇಲಿನ ಉತ್ತರದಲ್ಲಿ ಕ್ಯಾಲ್ಸಿಯಂ ಬೇಡವೆಂದದ್ದು ಪೊಟ್ಟಣದ ಆಹಾರ ತಿನ್ನುವ ಮರಿಗೆ. ಮನೆಯೂಟದ ಮರಿಗೆ ಇದು ಬೇಕೇ ಬೇಕು. ಜೋಳದ ಬದಲು ರಾಗಿ ಹಾಕಿದರೂ ಚಿಪ್ಪಿನ ಪುಡಿ ಬಿಡಬೇಡಿ. ಎಲ್ಲವನ್ನೂ ಕಲಸಿ ನಾಲ್ಕು ಹೊತ್ತಿಗೆ ಹಂಚಿ. ವಾರಕ್ಕೆ ಎರಡು ದಿನ ಕೋಳಿಯ ಲಿವರ್ 15 ಗ್ರಾಂ.

ಇಷ್ಟಾದರೂ ಸತು, ಅಯೋಡಿನ್, ಡಿ ವಿಟಮಿನ್ ಕೊರತೆ ಉಳಿಯುತ್ತದೆ. ಅದಕ್ಕೆ ಎಷ್ಟು ಖನಿಜ ಮಿಶ್ರಣ ಎಂಬುದನ್ನು ಕುನ್ನಿಯನ್ನು ತೂಗಿಸಿ ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ನಿಮ್ಮದೇ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಮುಧೋಳ ತಳಿಯ ಮೇಲೆಯೇ ಅಲ್ಲಿ ಕೆಲಸ ನಡೆಯುತ್ತದೆ. ಹೋಗುವಾಗ ಲಸಿಕೆಯ ಚೀಟಿ ಒಯ್ಯಿರಿ. ಪಾರ್ವೊ ಲಸಿಕೆ ಪೂರ್ತಿಯಾಗದ ಕುನ್ನಿಯನ್ನು ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಇಳಿಸದೆ ಕೈಯಲ್ಲೇ ಎತ್ತಿಕೊಂಡಿರಿ. ಮೂರು ತಿಂಗಳಾದ ಕೂಡಲೇ ರೇಬಿಸ್ ಲಸಿಕೆ ಹಾಕಿಸಿ.