ಹಳಬರು, ಹೊಸಬರು, ಟಿ.ಸಿ. ತಂದವರು: 12 ಜರ್ಸಿ ಯಾರಿಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಆಯ್ಕೆಯ ತಲೆಬಿಸಿಯವು. ಕೆಲವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಕಳೆದ ವರ್ಷ ಆಡಿದವರಲ್ಲಿ ಆರು ಹುಡುಗರು ಉಳಿದಿದ್ದಾರೆ, ಅದರಲ್ಲಿ ನಾಲ್ವರು ಅಂತಿಮ ವರ್ಷದವರು. ಬೇರೆ ಕಾಲೇಜುಗಳಿಂದ ಟಿ.ಸಿ. ತಗೊಂಡು ಮೂವರು ಎರಡನೇ ವರ್ಷಕ್ಕೆ ಸೇರಿದ್ದಾರೆ. ಅವರಲ್ಲೊಬ್ಬ ನೌಕಾನೆಲೆಯ ಕ್ವಾರ್ಟರ್ಸ್‌ನವನು, ಚೆನ್ನಾಗಿ ಆಡುತ್ತಾನೆ. ಮೊದಲ ವರ್ಷದ ಒಂಬತ್ತು ಜನ ಹೆಸರು ಕೊಟ್ಟಿದ್ದಾರೆ. ಹೋಗುವುದು 12 ಜನ ಮಾತ್ರ. ಹಳಬರನ್ನು ಬಿಟ್ಟರೆ ಮುನಿಸು, ಹೊಸಬರನ್ನು ಬಿಟ್ಟರೆ ಮುಂದಿನ ವರ್ಷ ತಂಡವೇ ಇಲ್ಲ. ಏನು ಮಾಡಲಿ?
– ದೈಹಿಕ ಶಿಕ್ಷಣ ನಿರ್ದೇಶಕರು, ಕಾರವಾರ

ಉತ್ತರ: ಸರ್, ಆಟ ನೋಡುವ ಮೊದಲು ಫೈಲ್ ನೋಡಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಈ ವರ್ಷದ ಶುಲ್ಕದ ರಸೀದಿ, ಗುರುತಿನ ಚೀಟಿ, ಟಿ.ಸಿ., ಹೊರಗಿನ ವಿಶ್ವವಿದ್ಯಾಲಯದಿಂದ ಬಂದವನಾದರೆ ಮೈಗ್ರೇಶನ್ ಸರ್ಟಿಫಿಕೇಟ್. ಇವನ್ನೆಲ್ಲ ಆಯ್ಕೆಗೆ ಮುಂಚೆಯೇ ಒಬ್ಬೊಬ್ಬರ ಹೆಸರಲ್ಲಿ ಬೇರೆ ಬೇರೆ ಲಕೋಟೆಗೆ ಹಾಕಿಸಿ, ಧಾರವಾಡದ ವಿಶ್ವವಿದ್ಯಾಲಯದಿಂದ ಬಂದ ಈ ವರ್ಷದ ಕ್ರೀಡಾ ಸುತ್ತೋಲೆಯ ಜೊತೆ ಹೋಲಿಸಿ. ವಲಯ ಪಂದ್ಯದ ಬೆಳಿಗ್ಗೆ ಕಾಗದವಿಲ್ಲದೆ ಹೊರಗೆ ಕೂರುವವನು ಸಾಮಾನ್ಯವಾಗಿ ಟಿ.ಸಿ. ಹುಡುಗನೇ. ಅವನನ್ನು ನಂಬಿ ಕಟ್ಟಿದ ಆಟವೂ ಅವನ ಜೊತೆ ಬೆಂಚಿಗೆ ಹೋಗುತ್ತದೆ.

ಇನ್ನು ಲೆಕ್ಕ. ಜರ್ಸಿ ಹಂಚುವ ಬದಲು ನಿಮಿಷ ಹಂಚಿ. 10 ನಿಮಿಷದ ನಾಲ್ಕು ಕ್ವಾರ್ಟರ್, ಅಂಕಣದಲ್ಲಿ ಐದು ಜನ. ಅಂದರೆ ಒಂದು ಪಂದ್ಯದಲ್ಲಿ ನಿಮ್ಮ ಕೈಯಲ್ಲಿರುವುದು 200 ನಿಮಿಷ. ಇದನ್ನು ಕಾಗದದ ಮೇಲೆ ಬರೆದ ಕೂಡಲೇ ಅರ್ಧ ಜಗಳ ತಣ್ಣಗಾಗುತ್ತದೆ. ನಿಮ್ಮ ಲೆಕ್ಕಕ್ಕೆ ನಾವು ಕೊಡುವ ಹಂಚಿಕೆ: ಹಳಬರು ಆರು, ಟಿ.ಸಿ. ಹುಡುಗರು ಇಬ್ಬರು, ಮೊದಲ ವರ್ಷದವರು ನಾಲ್ವರು. ಅಂತಿಮ ವರ್ಷದ ನಾಲ್ವರಿಗೆ 28, 27, 25, 20, ಸೇರಿ 100. ಎರಡನೇ ವರ್ಷದ ಇಬ್ಬರು ಹಳಬರಿಗೆ 20 ಮತ್ತು 15. ಟಿ.ಸಿ. ಇಬ್ಬರಿಗೆ 22 ಮತ್ತು 15. ಮೊದಲ ವರ್ಷದವರಿಗೆ 12, 8, 5, 3. ಕೂಡಿ ನೋಡಿ, 200 ಬರುತ್ತದೆ. ಮೂರನೇ ಟಿ.ಸಿ. ಹುಡುಗ ಮತ್ತು ಉಳಿದ ಐವರು ಅಭ್ಯಾಸದಲ್ಲಿ ಇರಲಿ. 12 ಜನರಿಂದ ಐದು-ಐದು ಆಡಿಸಲು ಹೋದರೆ ಮೂವರಿಗೆ ಪೆಟ್ಟಾದ ದಿನ ಅಭ್ಯಾಸ ಪಂದ್ಯ ಮುಗಿದಂತೆಯೇ.

ಹೊಸಬರಿಗೆ ನಾಲ್ಕು ಜಾಗ ಯಾಕೆ? ಮುಂದಿನ ಜೂನ್‌ನಲ್ಲಿ ನಾಲ್ವರು ಅಂತಿಮ ವರ್ಷದವರು ಹೋಗುತ್ತಾರೆ ಅಂತ. ಮೂರು ವರ್ಷದ ಪದವಿಯಲ್ಲಿ ಒಬ್ಬ ಹುಡುಗ ನಿಮಗೆ ಸಿಗುವುದು ಮೂರೇ ಸೀಸನ್. ಮೊದಲನೆಯದನ್ನು ಬೆಂಚಿನಲ್ಲಿ ಕಳೆದವನು ಎರಡನೆಯದರಲ್ಲಿ ಹೊಸಬನಂತೆಯೇ ಆಡುತ್ತಾನೆ.

ಆದರೆ ಮೊದಲ ವರ್ಷದ ನಾಲ್ವರಿಗೆ ಸೇರಿ ಸಿಗುವ ಆ 28 ನಿಮಿಷವನ್ನು ಎಲ್ಲಿ ಕೊಡುತ್ತೀರಿ ಅನ್ನುವುದು ಎಷ್ಟು ಕೊಡುತ್ತೀರಿ ಅನ್ನುವುದಕ್ಕಿಂತ ದೊಡ್ಡದು. 20 ಅಂಕ ಮುಂದಿರುವಾಗ ಕೊನೆಗೆ ಇಳಿಸುವುದು ವಾಡಿಕೆ. ಅದರಿಂದ ಅವರು ಏನೂ ಕಲಿಯುವುದಿಲ್ಲ. ಎದುರಿನವರೂ ಆಗ ಆಡುವುದನ್ನು ಬಿಟ್ಟಿರುತ್ತಾರೆ. ಎರಡನೇ ಕ್ವಾರ್ಟರ್‌ನ ಮೊದಲ ನಾಲ್ಕು ನಿಮಿಷ ಕೊಡಿ, ಪಕ್ಕದಲ್ಲಿ ಇಬ್ಬರು ಹಳಬರನ್ನು ಬಿಟ್ಟು. ಇದಕ್ಕೆ ನಿಯಮದಲ್ಲೇ ಕಾರಣವಿದೆ. ತಂಡದ ಫೌಲ್ ಪ್ರತಿ ಕ್ವಾರ್ಟರ್‌ಗೆ ಸೊನ್ನೆಯಿಂದ ಶುರುವಾಗುತ್ತದೆ. ಮೊದಲ ನಾಲ್ಕು ಫೌಲ್‌ಗಳಿಗೆ, ಶಾಟ್ ಹೊಡೆಯುವವನ ಮೇಲೆ ಆಗದಿದ್ದರೆ, ಎದುರಾಳಿಗೆ ಬದಿಯಿಂದ ಚೆಂಡು ಸಿಗುತ್ತದೆ ಅಷ್ಟೆ. ಐದನೆಯದರಿಂದ ಎರಡೆರಡು ಫ್ರೀ ಥ್ರೋ. ಹೊಸಬ ಮಾಡುವ ತಪ್ಪು ಯಾವಾಗಲೂ ಒಂದೇ: ಕಾಲು ಸರಿಸುವ ಬದಲು ಕೈ ಹಾಕುತ್ತಾನೆ. ಕ್ವಾರ್ಟರ್‌ನ ಮೊದಲ ನಿಮಿಷದಲ್ಲಿ ಆ ಕೈ ಅಗ್ಗ, ಒಂಬತ್ತನೇ ನಿಮಿಷದಲ್ಲಿ ಎರಡು ಅಂಕದ ಬೆಲೆ. ನಾಲ್ಕನೇ ಕ್ವಾರ್ಟರ್‌ನ ಫೌಲ್ ಲೆಕ್ಕ ಹೆಚ್ಚುವರಿ ಐದು ನಿಮಿಷಕ್ಕೂ ಮುಂದುವರಿಯುವುದರಿಂದ ಆಗಂತೂ ಹಳಬರೇ ಇರಲಿ.

ಆಯ್ಕೆ ಪಂದ್ಯದಲ್ಲಿ ಹಳಬರನ್ನು ಒಂದು ಕಡೆ, ಹೊಸಬರನ್ನು ಇನ್ನೊಂದು ಕಡೆ ನಿಲ್ಲಿಸಬೇಡಿ. ಆಗ ಕಳೆದ ವರ್ಷದ ಪಾಠ ಯಾರಿಗೆ ಬಾಯಿಪಾಠ ಅನ್ನುವುದಷ್ಟೇ ಗೊತ್ತಾಗುತ್ತದೆ, ಆಟ ಯಾರಿಗೆ ಬರುತ್ತದೆ ಅನ್ನುವುದಲ್ಲ. ಮಿಶ್ರ ತಂಡ ಮಾಡಿ, ಎಂಟು ನಿಮಿಷದ ನಾಲ್ಕು ಆಟ ಆಡಿಸಿ, ಪ್ರತಿ ಆಟಕ್ಕೂ ಜೊತೆ ಬದಲಿಸಿ. ಒಬ್ಬ ವಿದ್ಯಾರ್ಥಿಯ ಕೈಗೆ ನೋಟ್‌ಬುಕ್ ಕೊಟ್ಟು ಮೂರು ಸಂಗತಿ ಬರೆಸಿ: ಅವನು ಒಳಬಂದಾಗಿನ ಮತ್ತು ಹೊರಹೋದಾಗಿನ ಸ್ಕೋರ್, ಕಳೆದುಕೊಂಡ ಚೆಂಡು, ರಿಬೌಂಡ್‌ಗೆ (ಬುಟ್ಟಿಗೆ ಬೀಳದೆ ಮರಳುವ ಚೆಂಡಿಗೆ) ಮೊದಲು ಎದುರಾಳಿಯನ್ನು ಬೆನ್ನಿಂದ ತಡೆದನೋ ಇಲ್ಲವೋ. ಹೊಡೆದ ಅಂಕ ಬರೆಸಬೇಡಿ. ಅದು ಹೇಗೂ ಎಲ್ಲರ ಬಾಯಲ್ಲಿ ಇರುತ್ತದೆ.

ಕ್ವಾರ್ಟರ್ಸ್‌ನ ಹುಡುಗನ ವಿಷಯ. ಅವನ ಕೌಶಲದ ಬಗ್ಗೆ ನಿಮಗೆ ಸಂಶಯವಿಲ್ಲ, ಸರಿ. ಸಮಸ್ಯೆ ಬರುವುದು ಸ್ಕ್ರೀನ್ ಹತ್ತಿರ, ಅಂದರೆ ಚೆಂಡಿನವನನ್ನು ಕಾಯುವವನ ದಾರಿಗೆ ಎದುರಾಳಿಯೊಬ್ಬ ಅಡ್ಡ ನಿಂತಾಗ. ಎದುರಾಳಿ ಬಲಬದಿಯಲ್ಲಿ ಸ್ಕ್ರೀನ್ ಹಾಕಿದ ಅಂತಿಟ್ಟುಕೊಳ್ಳಿ. ನಿಮ್ಮ ಹಳಬನಿಗೆ ಕಲಿಸಿದ್ದು: ಒಂದು ಹೆಜ್ಜೆ ಮುಂದೆ ಬಂದು ಚೆಂಡಿನವನನ್ನು ತಡೆದು, ಮತ್ತೆ ತನ್ನವನ ಬಳಿ ಓಡು. ಈ ಹುಡುಗನಿಗೆ ಹಿಂದಿನ ಕಡೆ ಕಲಿಸಿದ್ದು ಸ್ವಿಚ್, ಅಂದರೆ ಕಾವಲು ಅದಲುಬದಲು. ಅವನು ತನ್ನವನನ್ನು ಬಿಟ್ಟು ಸ್ಕ್ರೀನ್ ಹಾಕಿದವನ ಹಿಂದೆ ಹೋಗುತ್ತಾನೆ, ಅದೇ ಹೊತ್ತಿಗೆ ಹಳಬನೂ ಅವನ ಹಿಂದೆಯೇ ಮರಳುತ್ತಾನೆ. ಸ್ಕ್ರೀನ್ ಹಾಕಿದವನಿಗೆ ಇಬ್ಬರು ಕಾವಲು, 6.75 ಮೀಟರ್‌ನ ಮೂರು ಅಂಕದ ಗೆರೆಯಾಚೆ ಚೆಂಡು ಹಿಡಿದವನಿಗೆ ಯಾರೂ ಇಲ್ಲ. ಇಬ್ಬರೂ ತಮ್ಮ ತಮ್ಮ ಪಾಠದ ಪ್ರಕಾರ ಸರಿಯೇ. ಬೆಂಚಿನಿಂದ ನೋಡುವವರು ಮಾತ್ರ 'ಹೊಸಬ ಡಿಫೆನ್ಸ್ ಆಡಲ್ಲ' ಅನ್ನುತ್ತಾರೆ.

ಆದ್ದರಿಂದ ಮೊದಲ ಎರಡು ವಾರ ಸ್ಕ್ರೀನ್‌ಗೆ ಒಂದೇ ಉತ್ತರ ಇಟ್ಟುಕೊಳ್ಳಿ, ದಿನಾ 10 ನಿಮಿಷ ಇಬ್ಬರ ವಿರುದ್ಧ ಇಬ್ಬರಂತೆ ಅದನ್ನೇ ಆಡಿಸಿ. ಒಂದು 2-3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು ತಮ್ಮ ತಮ್ಮ ಜಾಗ ಕಾಯುವುದು), ದಾಳಿಗೆ ಎರಡು ಯೋಜನೆ, ರಿಂಗ್ ಹಿಂದಿನ ಬೇಸ್‌ಲೈನ್‌ನಿಂದ ಚೆಂಡು ಒಳಹಾಕಲು ಒಂದು. ಅದಕ್ಕಿಂತ ಹೆಚ್ಚು ಬೇಡ. ಕೂಗುವ ಮಾತೂ ಒಂದೇ ಆಗಿರಲಿ. ಕಾರವಾರದ ಅಂಕಣದಲ್ಲಿ ಒಬ್ಬ ಕೊಂಕಣಿಯಲ್ಲಿ, ಒಬ್ಬ ಕನ್ನಡದಲ್ಲಿ, ಕ್ವಾರ್ಟರ್ಸ್‌ನವನು ಹಿಂದಿಯಲ್ಲಿ ಕೂಗಿದರೆ ಅರ್ಥವಾಗುತ್ತದೆ, ಆದರೆ ಅರ್ಧ ಸೆಕೆಂಡು ತಡವಾಗಿ. ಸ್ಕ್ರೀನ್ ಎಡ, ಸ್ಕ್ರೀನ್ ಬಲ, ಬಾಲ್, ಹೆಲ್ಪ್, ಶಾಟ್: ಐದಾರು ಪದ ಗೊತ್ತು ಮಾಡಿ, ಕೂಗದವನಿಗೆ ಒಂದು ಸುತ್ತು ಓಟ.

ಮುನಿಸಿನ ಮಾತು ಕೊನೆಗೆ. ನಿಮಿಷದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಡಿ. ಒಬ್ಬೊಬ್ಬರನ್ನೇ ಕರೆದು ಹೇಳಿ, ಅಂತಿಮ ವರ್ಷದವರಿಗೆ ಮೊದಲು. ನಾಯಕತ್ವ ಹಳಬರಲ್ಲೇ ಇರಲಿ. ಅಂಕಣದಲ್ಲಿ ಚೆಂಡನ್ನು ಯಾರು ಮುಂದೆ ತರಬೇಕು ಅನ್ನುವುದು ವರ್ಷದ ಮೇಲೆ ನಿರ್ಧಾರವಾಗುವುದು ಬೇಡ.

ಪ್ರಶ್ನೆ: ನಾನು ಬಿ.ಕಾಂ. ಅಂತಿಮ ವರ್ಷ. ಎರಡು ವರ್ಷ ಪಾಯಿಂಟ್ ಗಾರ್ಡ್ ಆಗಿ (ಚೆಂಡು ಮುಂದೆ ತಂದು ಆಟ ನಡೆಸುವವಳಾಗಿ) ಆಡಿದ್ದೇನೆ. ಈ ವರ್ಷ ಬೇರೆ ಕಾಲೇಜಿಂದ ಬಂದ ಹುಡುಗಿಗೆ ಮ್ಯಾಡಮ್ ನನ್ನ ಜಾಗ ಕೊಟ್ಟಿದ್ದಾರೆ. ನಮ್ಮ ತಂಡದಲ್ಲಿ ಇರುವುದೇ ಎಂಟು ಜನ. ನಾನು ಬಿಡಲೋ, ಇರಲೋ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಎಂಟೇ ಜನ ಅಂದಿರಲ್ಲ, ಉತ್ತರ ಅಲ್ಲೇ ಇದೆ. 200 ನಿಮಿಷವನ್ನು ಎಂಟರಿಂದ ಭಾಗಿಸಿದರೆ ತಲೆಗೆ 25. ಬೆಂಚಿನಿಂದ ಬಂದರೂ ನಿಮಗೆ ಅರ್ಧ ಪಂದ್ಯಕ್ಕಿಂತ ಹೆಚ್ಚು ಆಟ ಸಿಗಬೇಕು. ಐದು ಫೌಲ್‌ಗೆ ಆಟಗಾರ್ತಿ ಹೊರಗೆ. ಎಂಟು ಜನರ ತಂಡದಲ್ಲಿ ಇಬ್ಬರು ಮೂರನೇ ಕ್ವಾರ್ಟರ್‌ನಲ್ಲೇ ನಾಲ್ಕು ಫೌಲ್ ಮಾಡಿ ಕೂರುವುದು ಅಪರೂಪವಲ್ಲ. ಆಗ ಚೆಂಡು ಎಂಟು ಸೆಕೆಂಡಿನೊಳಗೆ ನಡುಗೆರೆ ದಾಟಿಸಲು ಗೊತ್ತಿರುವ ಎರಡನೇ ಕೈ ಬೇಕು.

ಮ್ಯಾಡಮ್ ಬಳಿ 'ನನ್ನ ಜಾಗ ಯಾಕೆ ಹೋಯ್ತು' ಅಂತ ಕೇಳಬೇಡಿ. 'ಪ್ರೆಸ್ ಹಾಕಿದಾಗ ನಾವಿಬ್ಬರೂ ಒಟ್ಟಿಗೆ ಆಡಬಹುದಾ' ಅಂತ ಕೇಳಿ. ಪೂರ್ತಿ ಅಂಕಣದ ಪ್ರೆಸ್, ಅಂದರೆ ನಿಮ್ಮ ರಿಂಗ್ ಹತ್ತಿರದಿಂದಲೇ ಚೆಂಡಿನವಳನ್ನು ಮುತ್ತುವ ಕಾವಲು, ಎದುರಾದಾಗ ಇಬ್ಬರು ಗಾರ್ಡ್‌ಗಳಿದ್ದರೆ ಒಬ್ಬಳನ್ನು ಇಬ್ಬರು ಮುತ್ತಿದಾಗ ಇನ್ನೊಬ್ಬಳಿಗೆ ಪಾಸ್ ಹೋಗುತ್ತದೆ. ಹಿಂದಿನ ಜಾಗಕ್ಕಿಂತ ಇದೇ ನಿಮಗೆ ಹೆಚ್ಚು ನಿಮಿಷ ತಂದುಕೊಟ್ಟೀತು.

ನಿಮ್ಮ ಮ್ಯಾಡಮ್‌ಗೂ ಒಂದು ಮಾತು, ಈ ಪುಟ ಓದಿದರೆ: ಎಂಟು ಜನರೊಂದಿಗೆ ಪೂರ್ತಿ ಪಂದ್ಯ ಮ್ಯಾನ್-ಟು-ಮ್ಯಾನ್ (ಒಬ್ಬಳಿಗೆ ಒಬ್ಬಳ ಕಾವಲು) ಆಡಿಸಬೇಡಿ, ಅರ್ಧವಾದರೂ ಝೋನ್ ಇರಲಿ. ಸಿದ್ದಾಪುರ, ಯಲ್ಲಾಪುರ ಕಡೆಯ ಬಸ್ಸಿಗೆ ಓಡುವ ಹುಡುಗಿಯರಿದ್ದರೆ ತಂಡದ ಪಾಠವನ್ನು ಅಭ್ಯಾಸದ ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿ, ಶೂಟಿಂಗ್ ಕೊನೆಗಿಡಿ. ಎಂಟರಲ್ಲಿ ಇಬ್ಬರು ಬೇಗ ಎದ್ದು ಹೋದ ಮೇಲೆ ಐದು ಜನರ ಯೋಜನೆ ಕಲಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಮಗ ಆರಡಿ ಎರಡಿಂಚು ಇದ್ದಾನೆ. ಊರಲ್ಲಿ ವಾಲಿಬಾಲ್ ಆಡುತ್ತಿದ್ದ. ಕಾಲೇಜಿನಲ್ಲಿ ಎತ್ತರ ನೋಡಿ ಬಾಸ್ಕೆಟ್‌ಬಾಲ್‌ಗೆ ಸೇರಿಸಿಕೊಂಡಿದ್ದಾರೆ. ಎರಡು ತಿಂಗಳಲ್ಲಿ ಕಲಿಯಲು ಸಾಧ್ಯವೇ?
– ಪೋಷಕರು, ಹೊನ್ನಾವರ

ಉತ್ತರ: ಎಂಟು-ಹತ್ತು ನಿಮಿಷ ಆಡುವಷ್ಟು ಖಂಡಿತ ಸಾಧ್ಯ. ಜಿಗಿತದ ಹೊತ್ತು ಅವನಿಗೆ ಗೊತ್ತು; ಅದನ್ನು ಕಲಿಸುವುದೇ ಕಷ್ಟ. ವಾಲಿಬಾಲ್‌ನಿಂದ ಬಂದ ನಾಲ್ಕು ಚಟ ಬಿಡಿಸಬೇಕು. ಒಂದು, ಚೆಂಡನ್ನು ಬೆರಳ ತುದಿಯಿಂದ ತಟ್ಟುವುದು. ರಿಬೌಂಡ್ ಎರಡೂ ಕೈಯಲ್ಲಿ ಹಿಡಿದು ಗದ್ದದ ಕೆಳಗೆ ತರಬೇಕು. ಸ್ಮ್ಯಾಶ್‌ಗೆ ಓಡಿದ ಹಾಗೆ ಚೆಂಡು ಹಿಡಿದು ಮೂರ್ನಾಲ್ಕು ಹೆಜ್ಜೆ ಹಾಕಿದರೆ ಟ್ರಾವೆಲಿಂಗ್. ನೆಟ್ ಕೆಳಗೆ ಕಾದಂತೆ ಎದುರಾಳಿಯ ರಿಂಗ್ ಕೆಳಗಿನ ಪೇಂಟ್‌ನಲ್ಲಿ (ಗೆರೆ ಎಳೆದ ಚೌಕದಲ್ಲಿ) ನಿಂತರೆ ಮೂರು ಸೆಕೆಂಡಿನ ವಯಲೇಶನ್. ಇನ್ನು ಬ್ಲಾಕ್: ರಿಂಗ್‌ಗಿಂತ ಮೇಲಿದ್ದು ಬುಟ್ಟಿಯ ಕಡೆ ಇಳಿಯುತ್ತಿರುವ ಶಾಟ್ ಮುಟ್ಟಿದರೆ ಎದುರಾಳಿಗೆ ಅಂಕ ಪುಕ್ಕಟೆ.

ದಿನಕ್ಕೆ 20ರ ಮೂರು ಸುತ್ತು: ಚೆಂಡನ್ನು ಬೋರ್ಡಿಗೆ ಎಸೆ, ಎರಡು ಕೈಯಲ್ಲಿ ಹಿಡಿ, ಗದ್ದಕ್ಕೆ ತಾ, ಒಂದು ಕಾಲು ನೆಟ್ಟು ಹೊರಕ್ಕೆ ತಿರುಗಿ ಪಾಸ್ ಕೊಡು. ಜೊತೆಗೆ 50 ಫ್ರೀ ಥ್ರೋ, ಎಷ್ಟು ಬಿದ್ದವು ಅಂತ ಬರೆದಿಡಲಿ. ಎತ್ತರದವರನ್ನೇ ಜನ ಹೆಚ್ಚು ಫೌಲ್ ಮಾಡುವುದು. ಡ್ರಿಬಲ್ ಈ ವರ್ಷ ಅವನ ಕೆಲಸವಲ್ಲ.

ಕಬಡ್ಡಿಯಿಂದ ಬಂದ ಹುಡುಗರ ಕಥೆ ಉಲ್ಟಾ. ಕೆಳಗೆ ಕೂತು ಬದಿಗೆ ಸರಿಯುವ ಕಾಲು ಡಿಫೆನ್ಸ್‌ಗೆ ಹೇಳಿ ಮಾಡಿಸಿದ್ದು, ಆದರೆ ಎದುರಿನವ ಪಕ್ಕದಲ್ಲಿ ಹಾದರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಟವೆಲ್‌ನ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿಸಿ ಸ್ಲೈಡ್ ಮಾಡಿಸಿ.

ಪ್ರಶ್ನೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ 'ಟ್ರಾನ್ಸ್‌ಫರ್ ಪೋರ್ಟಲ್' ಅಂತಾರಲ್ಲ, ಏನದು? ನಮ್ಮಲ್ಲಿ ಬಂದರೆ ಒಳ್ಳೆಯದಲ್ಲವೇ?
– ವಿದ್ಯಾರ್ಥಿ, ಅಂಕೋಲಾ

ಉತ್ತರ: ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರು ಸೇರುವ ಆನ್‌ಲೈನ್ ಪಟ್ಟಿ, ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 2018ರಲ್ಲಿ ತಂದಿತು. ಮುಂಚೆ ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಶಿಕ್ಷೆ ತೆಗೆದರು. 2024ರಿಂದ ಓದಿನ ಅರ್ಹತೆ ಇದ್ದರೆ ಎಷ್ಟು ಸಲ ಬದಲಿಸಿದರೂ ತಕ್ಷಣ ಆಡಬಹುದು. ಪರಿಣಾಮವಾಗಿ ಅಲ್ಲಿನ ಕೋಚ್‌ಗಳು ಹೈಸ್ಕೂಲಿನ ಹುಡುಗನನ್ನು ಮೂರು ವರ್ಷ ಬೆಳೆಸುವ ಬದಲು 22 ವರ್ಷದ ಅನುಭವಿಯನ್ನು ತರುತ್ತಿದ್ದಾರೆ. ನಮ್ಮಲ್ಲಿ ಹುಡುಗರು ಊರು ಬದಲಿಸುವುದು ಅಪ್ಪನಿಗೆ ಕೈಗಾದಲ್ಲೋ ನೌಕಾನೆಲೆಯಲ್ಲೋ ವರ್ಗವಾದಾಗ. ಆಟಕ್ಕಾಗಿ ಬರುವವರು ಕಡಿಮೆ, ಆದ್ದರಿಂದ ಪಟ್ಟಿ ಮಾಡುವಷ್ಟು ಸರಕು ಇಲ್ಲಿಲ್ಲ.

ಪ್ರಶ್ನೆ: ಆಯ್ಕೆಯ ಹೊತ್ತಿಗೆ ಸರಿಯಾಗಿ ಮಳೆ. ನಮ್ಮದು ಬಯಲಿನ ಸಿಮೆಂಟ್ ಕೋರ್ಟ್, ಹಸಿರು ಹಿಡಿದಿದೆ. ಹೊಸಬರನ್ನು ನೋಡುವುದು ಹೇಗೆ?
– ಕ್ರೀಡಾ ಕಾರ್ಯದರ್ಶಿ, ಕುಮಟಾ

ಉತ್ತರ: ಮಳೆ ಬಿಡದ ದಿನ ಕಾಲೇಜಿನ ಸಭಾಂಗಣದಲ್ಲಿ ಕುರ್ಚಿ ಸರಿಸಿ ಪಾಸಿಂಗ್, ಪಿವೋಟ್, ಡಿಫೆನ್ಸ್ ಸ್ಲೈಡ್ ನೋಡಿ. ರಿಂಗ್ ಇಲ್ಲದಿದ್ದರೂ ಹೊಸಬನ ಕಾಲು ಎಷ್ಟು ಕಲಿತಿದೆ ಅಂತ 20 ನಿಮಿಷದಲ್ಲಿ ತಿಳಿಯುತ್ತದೆ. ಹೊರಗೆ ಆಡಿಸುವ ದಿನ ರಬ್ಬರ್ ಚೆಂಡು ಬಳಸಿ. ಚರ್ಮದ್ದು ನೀರು ಕುಡಿದು ಭಾರವಾಗುತ್ತದೆ, ಹೊಸಬರ ಶಾಟ್ ಗಿಡ್ಡ ಬೀಳುವುದು ಅದರಿಂದಲೂ ಇರಬಹುದು. ಹಾವಸೆಗೆ, ಮಳೆ ಬಿಟ್ಟ ಸಂಜೆ ಬ್ಲೀಚಿಂಗ್ ಪೌಡರ್ ಉದುರಿಸಿ, ಬೆಳಿಗ್ಗೆ ಗಟ್ಟಿ ಪೊರಕೆಯಿಂದ ತಿಕ್ಕಿ ಚೆನ್ನಾಗಿ ತೊಳೆಯಿರಿ. ಅದರ ಜೊತೆ ಆ್ಯಸಿಡ್ ಎಂದೂ ಬೆರೆಸಬೇಡಿ, ಎದೆ ಸುಡುವ ಕ್ಲೋರಿನ್ ಅನಿಲ ಬರುತ್ತದೆ. ರಿಂಗ್ ಕೆಳಗೂ ಫ್ರೀ ಥ್ರೋ ಗೆರೆಯ ಸುತ್ತಲೂ ಎರಡು ಸಲ ತಿಕ್ಕಿಸಿ, ಓಡಿ ಬಂದು ನಿಲ್ಲುವುದು ಅಲ್ಲೇ. ಒಣಗಿದ ಮೇಲೆ ಶೂ ಹಾಕಿ ನೀವೇ ಒಮ್ಮೆ ಓಡಿ ಬಂದು ಗಕ್ಕನೆ ನಿಂತು ನೋಡಿ. ಹಿಮ್ಮಡಿ ಜಾರಿದರೆ ಅವತ್ತು ಚೆಂಡಿನ ಚೀಲ ಬಿಚ್ಚಬೇಡಿ.