ಹಳೆಯ ಕಾರು, ಮುಚ್ಚಿಟ್ಟ ರಸೀದಿ

ಪ್ರಶ್ನೆ: ನನಗೆ 34 ವರ್ಷ. ನಮ್ಮದು ಇಪ್ಪತ್ತು ವರ್ಷದ ಹಳೆಯ ಕಾರು. ಮಕ್ಕಳ ಶಾಲೆ, ನನ್ನ ಕಚೇರಿ ಎಲ್ಲಕ್ಕೂ ಅದೇ. ಕೆಲವು ಸಮಯದಿಂದ ರಜಾದಿನಗಳಲ್ಲಿ ಅದನ್ನು ಡ್ರ್ಯಾಗ್ ರೇಸ್ (ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಓಡಿಸುವ ಸ್ಪರ್ಧೆ) ಟ್ರ್ಯಾಕಿಗೆ ಒಯ್ಯುತ್ತಿದ್ದೇನೆ. 402 ಮೀಟರ್ ಓಡಲು ಒಮ್ಮೆ 17.2 ಸೆಕೆಂಡು, ಇನ್ನೊಮ್ಮೆ 17.9. ಗೆಳೆಯರು ನಗುತ್ತಾರೆ, ಎಂಜಿನ್ನಿನ ಶಕ್ತಿ ಏರಿಸುವ ಟರ್ಬೊ ಹಾಕಿಸು ಎನ್ನುತ್ತಾರೆ. ಮನೆಯಲ್ಲಿ ಹೇಳದೆ ಮುಂಗಡ ಕೊಟ್ಟಿದ್ದೆ. ರಸೀದಿ ಪತ್ನಿಯ ಕೈಗೆ ಸಿಕ್ಕಿತು. ಕಾರನ್ನು ಮಾರುವವರೆಗೆ ಮಾತಿಲ್ಲ ಎಂದಿದ್ದಾಳೆ. ಮಾರಿಬಿಡಲೇ? ಅಥವಾ ಟರ್ಬೊ ಹಾಕಿಸಿ, ಒಮ್ಮೆ ಗೆದ್ದು, ಬಿಟ್ಟುಬಿಡಲೇ?

ಉತ್ತರ: ಎರಡೂ ಬೇಡ. ಮುಂಗಡ ವಾಪಸು ಬರುವಂತಿದ್ದರೆ ಇಂದೇ ಕೇಳಿ. ನಿಮ್ಮ ಪತ್ನಿಯ ಕೋಪ ರೇಸಿನ ಮೇಲಷ್ಟೇ ಅಲ್ಲ, ಮುಚ್ಚಿಟ್ಟಿದ್ದರ ಮೇಲೆ ಎಂದು ನನಗನ್ನಿಸುತ್ತದೆ. ಅದಕ್ಕೆ ಸಮರ್ಥನೆ ಹುಡುಕಬೇಡಿ. ಎಷ್ಟು ಕೊಟ್ಟಿರಿ, ಯಾವ ಹಣದಿಂದ ಕೊಟ್ಟಿರಿ ಎಂಬುದನ್ನು ನೇರವಾಗಿ ಹೇಳಿ.

ಟರ್ಬೊ ಏಕೆ ಬೇಡ ಎಂದರೆ, ನಿಂತಲ್ಲಿಂದ ಜಿಗಿಯುವ ಕಾರಿನ ಹೊಡೆತವೆಲ್ಲ ಬೀಳುವುದು ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್‌ಗಳ ಮೇಲೆ. ಇಪ್ಪತ್ತು ವರ್ಷ ಸವೆದ ಆ ಭಾಗಗಳು ಮೂಲ ಎಂಜಿನ್ನಿನ ಶಕ್ತಿಗೆಂದು ತಯಾರಾದವು. ಶಕ್ತಿ ಏರಿಸಿದರೆ ಒಂದಾದ ಮೇಲೊಂದು ಕೈಕೊಡುತ್ತವೆ. ಭಾನುವಾರ ಗೇರ್‌ಬಾಕ್ಸ್ ಮುರಿದರೆ ಸೋಮವಾರ ಮಕ್ಕಳು ಶಾಲೆಗೆ ಹೋಗುವುದು ಹೇಗೆ? ನಿಮ್ಮ ಪತ್ರದಲ್ಲಿ ಈ ಮಾತೇ ಇಲ್ಲ. ಪತ್ನಿ ಮಾತ್ರ ಅದನ್ನು ಖಂಡಿತ ಯೋಚಿಸಿದ್ದಾರೆ.

ಇನ್ನು ಗೆಲ್ಲುವ ಆಸೆ. ಅದು ನ್ಯಾಯವಾದ ಆಸೆಯೇ, ಅದಕ್ಕೆ ನಾಚಬೇಕಿಲ್ಲ. ಆದರೆ 17 ಸೆಕೆಂಡಿನ ಕಾರು ಇದ್ದಂತೆಯೇ ಗೆಲ್ಲಬಹುದಾದ ಸ್ಪರ್ಧೆಯೊಂದಿದೆ: ಬ್ರ್ಯಾಕೆಟ್ ರೇಸಿಂಗ್. ನಿಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂಬುದನ್ನು ನೀವೇ ಮೊದಲು ಘೋಷಿಸುತ್ತೀರಿ. ನೀವು 17.5 ಎಂದು, ಎದುರಾಳಿ 13.5 ಎಂದು ಬರೆದರೆ ನಿಮಗೆ ನಾಲ್ಕು ಸೆಕೆಂಡು ಮೊದಲೇ ಹಸಿರು ದೀಪ ಬೀಳುತ್ತದೆ. ಹೇಳಿದ್ದಕ್ಕಿಂತ ಬೇಗ ಓಡಿದರೆ ಸಾಮಾನ್ಯವಾಗಿ ಸೋಲು. ಹಸಿರಿಗೆ ಮೊದಲೇ ಹೊರಟರೂ ಸೋಲು. ಇಲ್ಲಿ ವೇಗಕ್ಕಿಂತ ಒಂದೇ ಸಮಯವನ್ನು ಮತ್ತೆ ಮತ್ತೆ ಓಡುವುದು ಮುಖ್ಯ.

ಹಾಗಾಗಿ ನಿಮ್ಮನ್ನು ಕಾಡಬೇಕಾದದ್ದು 17.2ಕ್ಕೂ 17.9ಕ್ಕೂ ನಡುವಿನ ಅಂತರ. ಓಟದ ನಂತರ ಕೊಡುವ ಸಮಯದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು, ಮೊದಲ 60 ಅಡಿಯ ಸಮಯ ನೋಡಿ. ಏರುಪೇರು ಅಲ್ಲೇ ಇದ್ದರೆ ನೀವು ಕ್ಲಚ್ ಬಿಡುವ ರೀತಿ ಪ್ರತಿಸಲ ಬೇರೆಯಾಗುತ್ತಿದೆ, ಇಲ್ಲವೇ ಟೈರ್ ಜಾರುತ್ತಿದೆ. ರೇಸ್ ಟೈರುಗಳನ್ನು ತಿರುಗಿಸಿ ಬಿಸಿಮಾಡಲೆಂದು ಟ್ರ್ಯಾಕಿನಲ್ಲಿ ಹಾಕಿರುವ ನೀರನ್ನು ಸಾಮಾನ್ಯ ಟೈರಿನವರು ತುಳಿಯದೆ ಪಕ್ಕದಿಂದ ಹೋಗುವುದೇ ಒಳ್ಳೆಯದು. ಟೈರಿನ ಗೀರುಗಳಲ್ಲಿ ಸಿಕ್ಕ ನೀರು ಆರಂಭದ ಗೆರೆಯವರೆಗೂ ಬಂದುಬಿಡುತ್ತದೆ. ಮೊದಲ 60 ಅಡಿ ಸರಿಯಿದ್ದು ಆಮೇಲೆ ವ್ಯತ್ಯಾಸವಾದರೆ ಗೇರ್ ಬದಲಿಸುವ ಹೊತ್ತನ್ನೂ ಎಂಜಿನ್ನಿನ ಬಿಸಿಯನ್ನೂ ಗಮನಿಸಿ. ಇದನ್ನು ಸರಿಪಡಿಸಲು ಟರ್ಬೊ ಬೇಕಿಲ್ಲ, ತಾಳ್ಮೆ ಬೇಕು.

ಹಣ ಹಾಕುವುದೇ ಆದರೆ ನಿಲ್ಲಿಸುವ ಕಡೆಗೆ ಹಾಕಿ. ನಿಮ್ಮ ಕಾರು ಕೊನೆಯ ಗೆರೆ ದಾಟುವಾಗ ವೇಗ ಗಂಟೆಗೆ ಸುಮಾರು 125 ಕಿ.ಮೀ. ಇರುತ್ತದೆ. ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ. ಬಿಸಿಗೆ ಕುದಿಯಿತೆಂದರೆ ಪೆಡಲ್ ತಳಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಅದನ್ನು ಬದಲಾಯಿಸಿ, ಬ್ರೇಕ್ ಮತ್ತು ಪೆಟ್ರೋಲ್ ಹೋಗುವ ರಬ್ಬರ್ ಹೋಸ್‌ಗಳಲ್ಲಿ ಬಿರುಕಿದೆಯೇ ನೋಡಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2314 ಎಂದಿದ್ದರೆ 2014ರ 23ನೇ ವಾರದ್ದು. ಅಷ್ಟು ಹಳೆಯ ಟೈರಿನಲ್ಲಿ ಮಕ್ಕಳನ್ನೂ ಕೂರಿಸಬೇಡಿ. ಈ ಖರ್ಚು ಮನೆಯ ಕಾರಿಗೂ ಬೇಕಾದದ್ದೇ, ಪತ್ನಿಯ ಎದುರಿಗೇ ಲೆಕ್ಕ ಹಾಕಿ.

ಆಮೇಲೆ ಒಮ್ಮೆ ಬನ್ನಿ ಎಂದು ಪತ್ನಿಯನ್ನು ಕರೆಯಿರಿ. ಓಟಕ್ಕೆ ಮೊದಲಿನ ತಪಾಸಣೆಯಲ್ಲಿ ಚಕ್ರದ ನಟ್, ಸೀಟ್ ಬೆಲ್ಟ್, ಬ್ಯಾಟರಿಯ ಬಿಗಿತ ನೋಡುವುದನ್ನು ಅವರೂ ನೋಡಲಿ. ನಿಯಮ ಕೇಳಲಿ ಬಿಡಲಿ, ಹೆಲ್ಮೆಟ್ ಹಾಕಿ. ಗೆಳೆಯರು ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ ಆ ಸಹವಾಸವನ್ನೇ ಬಿಡಿ. ಅಲ್ಲಿ ಎದುರಿಗೆ ಬರುವವರಿಗೆ ನಿಮ್ಮ ಪಂದ್ಯದ ಸುಳಿವೂ ಇರುವುದಿಲ್ಲ.

ಇಷ್ಟಾದರೂ ಪತ್ನಿ ಒಪ್ಪದಿದ್ದರೆ, ಮನೆಗೆ ಇನ್ನೊಂದು ವಾಹನ ಬರುವವರೆಗೆ ಟ್ರ್ಯಾಕಿಗೆ ಹೋಗುವುದನ್ನು ನಿಲ್ಲಿಸಿ. ಮಾರುವ ಮಾತನ್ನು ಮಾತ್ರ ಇಬ್ಬರ ಕೋಪವೂ ಇಳಿದ ಮೇಲೆ, ಒಟ್ಟಿಗೆ ಕುಳಿತು ತೀರ್ಮಾನಿಸಿ.